ಮೇಳಿಗೆಗೆ ಹೋಗುವ ಕಾಲುದಾರಿ

ತೀರ್ಥಹಳ್ಳಿಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ತುಂಗೆಯ ನಡುವಿನ ರಾಮಮಂಟಪ ಬುಡವೇ ಇಲ್ಲದೆ ನೀರ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ಬಂಡೆಯ ಮೇಲೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು, ಒಗೆಯುವವರು ಕಾಣುತ್ತಿರಲಿಲ್ಲ. ಫೆಬ್ರವರಿ ಮುಗಿಯುತ್ತ ಬಂದ ಹೊತ್ತು. ಚೀಲದಲ್ಲಿ ಒಂದು ಬಾಟಲಿ ನೀರು, ನಾಲ್ಕು ಬಾಳೆಹಣ್ಣು, ಮೂಲೆ ಸವೆದ ಒಂದು ‘ಸಂಸ್ಕಾರ’. ಆ ಕಾದಂಬರಿಯ ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು, ಕಾಡು ಹೊಕ್ಕು, ಮೇಳಿಗೆಯ ಜಾತ್ರೆ ಸೇರುತ್ತಾರಲ್ಲ, ಅಂಥದೊಂದು ದಾರಿಯನ್ನು ನನ್ನ ಕಾಲಲ್ಲೇ ನಡೆದು ನೋಡಬೇಕೆಂಬ ಆಸೆ ಎಷ್ಟೋ ವರ್ಷದ್ದು. ಪಿಯುಸಿಯಲ್ಲಿ ಮೊದಲ ಸಲ ಓದಿದಾಗ ಅಗ್ರಹಾರದ ಜಗಳ, ಚಂದ್ರಿಯ ಚಿನ್ನ, ರಣಹದ್ದುಗಳು, ಇವೇ ತಲೆಯಲ್ಲಿ ಉಳಿದಿದ್ದವು. ಆ ನಡಿಗೆಯ ಪುಟಗಳನ್ನು ಬೇಗಬೇಗ ಮಗುಚಿದ್ದೆ. ಈಗ ಆಚಾರ್ಯರ ವಯಸ್ಸಿನ ಆಸುಪಾಸಿಗೆ ಬಂದಿದ್ದೇನೆ. ಕಳೆದ ಮಳೆಗಾಲದಲ್ಲಿ ಮತ್ತೆ ಓದಿದರೆ, ಪುಸ್ತಕದ ಜೀವವೆಲ್ಲ ಆ ನಡಿಗೆಯಲ್ಲೇ ಇದೆ ಅನ್ನಿಸಿತು.

ಮೇಳಿಗೆ ನಕಾಶೆಯಲ್ಲಿರುವ ಊರು, ತೀರ್ಥಹಳ್ಳಿ ತಾಲ್ಲೂಕಿನದು. ‘ಸಂಸ್ಕಾರ’ ಬರೆದ ಯು.ಆರ್. ಅನಂತಮೂರ್ತಿಯವರು ಹುಟ್ಟಿದ್ದು ಅಲ್ಲೇ, 1932ರಲ್ಲಿ. ಕಾದಂಬರಿಯ ಅಗ್ರಹಾರಕ್ಕಿರುವ ದೂರ್ವಾಸಪುರವೆಂಬ ಹೆಸರೂ ಕಲ್ಪನೆಯದಲ್ಲ. ಅವರು ಹುಡುಗರಾಗಿದ್ದಾಗ ಸಂಸ್ಕೃತ ಪಾಠಶಾಲೆಗೆ ಹೋದದ್ದು ಆ ಹೆಸರಿನ ಊರಿನಲ್ಲಿ. ಆದರೆ ಕಾದಂಬರಿಯ ಅಗ್ರಹಾರವನ್ನು ಒಂದು ಊರಿಗೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ತುಂಗೆಯ ದಂಡೆಯಲ್ಲಿ ಅಂಥ ಕೇರಿಗಳು ಹಲವಿವೆ. ನಾನು ಹೊರಟದ್ದು ಅವುಗಳಲ್ಲಿ ಒಂದಕ್ಕೆ, ಹೆಸರು ಹೇಳುವುದಿಲ್ಲ. ಟಾರು ರಸ್ತೆಯ ಒಂದು ತಿರುವಿನಲ್ಲಿ ಆಟೋ ಇಳಿದು, ಹೊಳೆಯ ಕಡೆಗೆ ಸೀಳಿಕೊಂಡು ಹೋಗುವ ಮಣ್ಣುದಾರಿ ಹಿಡಿದೆ. ಅಲ್ಲಿಂದ ಅಗ್ರಹಾರಕ್ಕೆ ಹೋಗಿ, ಮತ್ತೆ ಗುಡ್ಡ ಹತ್ತಿ ಇಳಿದು ಮೇಳಿಗೆ ಸೇರಿದರೆ ಒಂದು ಹಗಲಿನ ನಡಿಗೆ. ಆಟೋದವನು ಬೆರಗಾಗಿ, ‘ಬಸ್ಸಿದೆಯಲ್ಲ ಸಾರ್?’ ಎಂದ.

ಒಂದೇ ಬೀದಿ. ಎರಡು ಕಡೆ ಹಂಚಿನ ಮನೆಗಳು, ಅರ್ಧಕ್ಕರ್ಧ ಬೀಗ ಹಾಕಿದವು. ಅಂಗಳದಲ್ಲಿ ಕೊನೆಯ ಅಡಿಕೆ ಒಣಗುತ್ತಿತ್ತು. ಬೀದಿಯ ತುದಿಯಲ್ಲಿ ಮೆಟ್ಟಿಲು, ಮೆಟ್ಟಿಲ ಕೆಳಗೆ ಹೊಳೆ. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿದವರೇ ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು. ನೀರು ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಕೇಳಿದರು:

‘ಯಾವೂರಾಯ್ತು? ಯಾರ ಮನೆ ಪೈಕಿ ನೀವು?’

ಮಲೆನಾಡಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಅದರಲ್ಲಿ ಅಕ್ಕರೆಯೂ ಇದೆ, ಅಳತೆಯೂ ಇದೆ. ನಾನು ಊರು ಹೇಳಿದೆ, ಮನೆ ಹೇಳಿದೆ, ಬಂದ ಕಾರಣವನ್ನೂ ಹೇಳಿದೆ.

‘ಆ ಪುಸ್ತಕ ನಾನು ಓದ್ಲಿಲ್ಲ ಮಾರಾಯ್ರೆ. ನಮ್ಮ ಮಾವನೋರು ಮನೆಯೊಳಗೆ ತರಬಾರ್ದು ಅಂದಿದ್ರು,’ ಅಂದರು ಅಜ್ಜಿ. ಹೂವಿನ ಮಾಲೆ ಒಂದು ಗೇಣು ಮುಂದೆ ಹೋಯಿತು. ‘ಆದ್ರೆ ಇಲಿ ಬಿದ್ದಿದ್ದು ನಿಜ ಕಣ್ರೀ. ನಮ್ಮತ್ತೆ ಹೇಳ್ತಿದ್ರು. ಅಟ್ಟದಿಂದ ತಪ್ ತಪ್ ಅಂತ ಬೀಳೋವಂತೆ. ಊರೇ ಬಿಟ್ಟು ತೋಟದಾಚೆ ಗುಡಿಸ್ಲು ಹಾಕ್ಕೊಂಡಿದ್ರಂತೆ.’

ಅಟ್ಟದ ಕಡೆಗೆ ಕತ್ತೆತ್ತಿ ನೋಡಿದೆ. ಹೊಗೆ ಹಿಡಿದ ತೊಲೆಗಳು, ತೂಗುಹಾಕಿದ ಮೊಗೆಕಾಯಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನ ಹೊಕ್ಕಿತು. ಆಮೇಲೆ ಎಷ್ಟೋ ದಶಕ ಮತ್ತೆ ಮತ್ತೆ ಬರುತ್ತಲೇ ಇತ್ತು. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಬೆಚ್ಚಗಿನ ಇನ್ನೊಂದು ಮೈ ಹುಡುಕಿ ಹೊರಡುತ್ತದೆ. ರೋಗ ಹೀಗೆ ಇಲಿಯಿಂದ ಮನುಷ್ಯನಿಗೆ ದಾಟುತ್ತದೆ. ಕಾದಂಬರಿಯ ಬ್ರಾಹ್ಮಣರಿಗೆ ಈ ಲೆಕ್ಕ ಹೊಳೆಯುವುದಿಲ್ಲ. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸತ್ತಿದ್ದಾನೆ, ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದಷ್ಟೇ ಅವರ ಕಣ್ಣ ಮುಂದಿರುವುದು. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮಾಂಸ ತಿಂದವನು, ಕುಂದಾಪುರದ ಚಂದ್ರಿಯನ್ನು ಮನೆಗೆ ತಂದಿಟ್ಟುಕೊಂಡವನು. ಬ್ರಾಹ್ಮಣ್ಯವನ್ನು ಅವನು ಬಿಟ್ಟಿದ್ದ. ಬ್ರಾಹ್ಮಣ್ಯ ಅವನನ್ನು ಬಿಟ್ಟಿತ್ತೇ? ಇದಕ್ಕೆ ಉತ್ತರ ಹೇಳಬೇಕಾದವರು ಪ್ರಾಣೇಶಾಚಾರ್ಯರು. ಶವ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ.

ಅಜ್ಜಿಯ ಜಗಲಿಯಲ್ಲಿ ಕೂತಾಗ ಆ ಹಸಿವಿನ ಅಳತೆ ಸಿಕ್ಕಿತು. ಇಲ್ಲಿಂದ ಎದುರು ಮನೆಗೆ ಹತ್ತು ಹೆಜ್ಜೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಗೆಲ್ಲ ಘಮ ಬರುತ್ತದೆ. ಒಂದು ಮನೆಯಲ್ಲಿ ಶವ ಕೊಳೆತರೂ ಅಷ್ಟೇ. ಪುಸ್ತಕ ಓದುವಾಗ ನನ್ನ ಮನಸ್ಸಿನಲ್ಲಿ ದೊಡ್ಡ ಊರೊಂದು ಕಟ್ಟಿಕೊಂಡಿತ್ತು. ಇಷ್ಟು ಗೇಣಗಲದ ಜಾಗದಲ್ಲಿ ಅಷ್ಟು ದೊಡ್ಡ ಪ್ರಶ್ನೆ ಹುಟ್ಟಿತಲ್ಲ ಎಂದು ಮೈ ಜುಮ್ಮೆಂದಿತು.

ಕಥೆ ಶುರುವಾಗುವಾಗ ಆಚಾರ್ಯರು ಎಂಥವರು? ಕಾಶಿಯಲ್ಲಿ ಓದಿ ಬಂದವರು, ವೇದಾಂತ ಶಿರೋಮಣಿ. ಹುಟ್ಟಾ ರೋಗಿಯಾದ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾದವರು. ದಿನಾ ಅವಳಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಔಷಧ ಕೊಟ್ಟು, ಆಮೇಲೆ ತಮ್ಮ ಜಪತಪ. ಒಳ್ಳೆಯವರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ಅವರಿಗೂ ಇಲ್ಲ. ನನಗೆ ಈ ಸಲದ ಓದಿನಲ್ಲಿ ಚುಚ್ಚಿದ್ದು ಅದೇ. ಹೆಂಡತಿಯ ಸೇವೆ ಅವರಿಗೆ ಮೋಕ್ಷದ ಮೆಟ್ಟಿಲು. ಮೆಟ್ಟಿಲಾದವಳ ಮೈಗೂ ಮನಸ್ಸಿಗೂ ಏನು ಬೇಕಿತ್ತೆಂದು ಆ ಕರುಣೆ ಕೇಳಿಕೊಂಡಿಲ್ಲ. ಇನ್ನೊಂದು ವಿಚಿತ್ರ ನೋಡಿ: ಅವರು ಪುರಾಣ, ಕಾವ್ಯ ಓದಿ ಹೇಳುವಾಗ ಶಕುಂತಲೆಯ ಚೆಲುವು ಕೇಳಿದ ಶ್ರೀಪತಿ ಎದೆ ಬಿಸಿಯಾಗಿ ಎದ್ದುಹೋಗುತ್ತಾನೆ, ಹೊಳೆಯ ಹತ್ತಿರ ಬೆಳ್ಳಿಯನ್ನು ಕಾಣುತ್ತಾನೆ. ಹೇಳಿದವರಿಗೆ ಮಾತ್ರ ಏನೂ ತಾಗಿರುವುದಿಲ್ಲ. ಅವರ ಮಾತು ಅವರಿಗಿಂತ ಮುಂಚೆ ಲೋಕಕ್ಕೆ ಹೋಗಿ ಬದುಕುತ್ತಿತ್ತು.

ಅಗ್ರಹಾರ ಬಿಟ್ಟು ಸಂಕ ದಾಟಿದೆ. ಎರಡು ಅಡಿಕೆ ಮರದ ದಬ್ಬೆ, ಕೆಳಗೆ ಬೇಸಗೆಯ ತೆಳ್ಳನೆ ಹಳ್ಳ. ಆಚೆ ದಣಪೆ ಸರಿಸಿದರೆ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಹೆಂಗಸರಿಬ್ಬರು ದರಗು ಗುಡಿಸಿ ಬುಟ್ಟಿಗೆ ತುಂಬುತ್ತಿದ್ದರು. ಮಾರುತಿ ಗುಡಿ ಎಲ್ಲಿ ಎಂದು ಕೇಳಿದೆ. ‘ಹಿಂಗೇ ಹೋಗಿ, ರಂಜದ ಮರ ಸಿಗ್ತದೆ, ಅಲ್ಲೇ’ ಅಂದರು. ಕಾದಂಬರಿಯ ಗುಡಿ ಇದೆಂದು ನಾನು ಹೇಳುತ್ತಿಲ್ಲ. ಕಾಡಿನೊಳಗೊಂದು ಮಾರುತಿ ಗುಡಿಯಿರುವುದು ಈ ಸೀಮೆಗೆ ಅಪರೂಪವೇನಲ್ಲ.

ಆಳೆತ್ತರದ ಗುಡಿ, ಸಿಂಧೂರ ಬಳಿದ ಕಲ್ಲು. ಪೂಜೆಯ ಭಟ್ಟರು ಹೊರಡುವವರಿದ್ದರು. ಒಂದು ಹೂವನ್ನು ನೀರಿನಲ್ಲಿ ಅದ್ದಿ ದೇವರ ಎಡ ತೋಳಿಗೆ, ಇನ್ನೊಂದನ್ನು ಬಲ ತೋಳಿಗೆ ಅಂಟಿಸಿದ್ದರು. ಕಟ್ಟೆಯ ಮೇಲೆ ರೈತ ದಂಪತಿ ಕಣ್ಣು ಮಿಟುಕಿಸದೆ ಕೂತಿದ್ದರು. ಪ್ರಸಾದ ಕೇಳುತ್ತಿದ್ದಾರೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನೂ ಕೂತೆ. ಹೂವಿನ ನೀರು ಆರಬೇಕು, ದಳ ಸಡಿಲಬೇಕು, ಬಲಕ್ಕೋ ಎಡಕ್ಕೋ ಬೀಳಬೇಕು. ಗಾಳಿ ಬೀಸಿದರೆ ಎದೆ ಧಸಕ್ಕೆನ್ನುತ್ತದೆ. ಕಾಜಾಣವೊಂದು ಯಾರದೋ ದನಿಯನ್ನು ಅಣಕಿಸಿ ಹಾರಿಹೋಯಿತು. ಅರ್ಧ ಗಂಟೆಯಾದ ಮೇಲೆ ಬಲಗಡೆಯ ಹೂ ಟಪ್ಪನೆ ಬಿತ್ತು. ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನು ಕೇಳಿಕೊಂಡಿದ್ದರೋ. ಅರ್ಧ ಗಂಟೆಗೇ ನನ್ನ ಬಾಯಿ ಒಣಗಿತ್ತು.

ಆಚಾರ್ಯರು ಹೀಗೆ ಇಡೀ ಹಗಲು ಕಾದರು. ತಾಳೆಗರಿಯಲ್ಲಿ ಉತ್ತರ ಸಿಗದೆ ಮಾರುತಿಯ ಹತ್ತಿರ ಬಂದವರಿಗೆ ಹೂ ಬೀಳಲೇ ಇಲ್ಲ, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಎಡಕ್ಕೆ ಬಿದ್ದಿದ್ದರೂ ಅವರು ಹಳೆಯ ಆಚಾರ್ಯರಾಗಿಯೇ ಉಳಿಯುತ್ತಿದ್ದರು. ಬೇಡವೆಂದರೂ ದೇವರು ಮಾತಾಡಿದ ಹಾಗಾಯಿತಲ್ಲ. ಮೌನ ಅವರನ್ನು ತೆರೆಯಿತು. ಹೊತ್ತು ಮೀರಿತು, ಹೆಂಡತಿಗೆ ಔಷಧ ಕೊಡಬೇಕೆಂದು ಕತ್ತಲಲ್ಲಿ ಓಡುವವರ ಹಿಂದೆ ಚಂದ್ರಿ. ಅವರ ಸೋಲಿಗೆ ಅವಳ ಕರುಳು ಮಿಡಿಯುತ್ತದೆ, ಕಾಲಿಗೆ ಬೀಳುತ್ತಾಳೆ. ಮುಂದಿನದು ಕನ್ನಡ ಓದುಗರಿಗೆಲ್ಲ ಗೊತ್ತು. ಕತ್ತಲಲ್ಲಿ ಅವರ ಬಾಯಿಂದ ಬಂದ ಮೊದಲ ಕೂಗು ಅಮ್ಮನಿಗೆ, ಹಸಿದ ಮಗುವಿನದು. ಅವಳು ಬಾಳೆಹಣ್ಣು ತಿನ್ನಿಸುತ್ತಾಳೆ. ಕಾಡಿನಲ್ಲಿ ಅದೇ ಜಾಗದಲ್ಲಿ ಎಂಬಂತೆ ಕೂತು ನಾನೂ ಒಂದು ಹಣ್ಣು ಸುಲಿದೆ. ಹಸಿವಾದಾಗ ಬಾಳೆಹಣ್ಣಿಗೆ ಎಂಥ ರುಚಿ!

ಇಲ್ಲೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬದಲಾವಣೆಯ ಕಥೆ ಎಂದೊಡನೆ ನಾವೆಲ್ಲ ಆಚಾರ್ಯರ ಹಿಂದೆ ಹೋಗುತ್ತೇವೆ. ಚಂದ್ರಿಯನ್ನು ನೋಡಿ. ಶಾಸ್ತ್ರ ಬಲ್ಲವರೆಲ್ಲ ಮೂಗು ಮುಚ್ಚಿಕೊಂಡು ಕೂತಾಗ, ಅವಳು ಅದೇ ರಾತ್ರಿ ಸಾಬರ ಅಹಮದ್ ಬ್ಯಾರಿಯನ್ನು ಕರೆದು, ಗಾಡಿಯಲ್ಲಿ ಹೆಣ ಸಾಗಿಸಿ, ಸುಟ್ಟು, ಕುಂದಾಪುರದ ದಾರಿ ಹಿಡಿದುಬಿಡುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತೇ ಆಗುವುದಿಲ್ಲ. ಮುಗಿದುಹೋದ ಸಂಸ್ಕಾರದ ಪ್ರಶ್ನೆಯನ್ನು ಬ್ರಾಹ್ಮಣರು ಮಠದವರೆಗೆ ಹೊತ್ತುಕೊಂಡು ಹೋಗುತ್ತಾರೆ. ಅವಳಿಗೆ ಪ್ರಶ್ನೆಯೇ ಇರಲಿಲ್ಲ. ತನ್ನವನೊಬ್ಬ ಸತ್ತಿದ್ದ, ಅವನನ್ನು ಸುಡಬೇಕಿತ್ತು, ಅಷ್ಟೇ. ಅವಳನ್ನು ಅಷ್ಟು ಬೇಗ ಕಳಿಸಿಬಿಟ್ಟರಲ್ಲ ಎಂದು ಲೇಖಕರ ಮೇಲೆ ನನಗೆ ಈಗಲೂ ಮುನಿಸಿದೆ.

ಗುಡ್ಡದ ನೆತ್ತಿಗೆ ಬರುವಾಗ ಮಧ್ಯಾಹ್ನ. ಸುರಗಿ ಹೂಬಿಟ್ಟ ಮರವೊಂದರ ಕೆಳಗೆ ನಿಂತೆ. ಕೊಂಬೆ ಕೊಂಬೆಗೂ ಜೇನ್ನೊಣ, ಮರವೇ ಗುಂಯ್‌ಗುಡುತ್ತಿತ್ತು. ದೂರದಲ್ಲಿ ಒಂದರ ಹಿಂದೆ ಒಂದು ಗುಡ್ಡ, ನೀಲಿ ತೆಳುವಾಗುತ್ತ ಹೋಗಿ ಕೊನೆಯದು ಗುಡ್ಡವೋ ಮೋಡವೋ ತಿಳಿಯುವುದಿಲ್ಲ. ಆ ದಿಕ್ಕಿನಲ್ಲೆಲ್ಲೋ ಶೃಂಗೇರಿ. ಅದರ ಹತ್ತಿರದ ವೈಕುಂಠಪುರದಲ್ಲಿ ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ವನ್ನು ಸಿನಿಮಾ ಮಾಡಿದ್ದು. 1970ರ ಆ ಚಿತ್ರವನ್ನು ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದೇ ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದಿತು. ಗಿರೀಶ ಕಾರ್ನಾಡರ ಮುಖವೇ ನನಗೆ ಎಷ್ಟೋ ವರ್ಷ ಆಚಾರ್ಯರ ಮುಖವಾಗಿತ್ತು. ಇವತ್ತು ಆ ಮುಖ ಮೆಲ್ಲಗೆ ಅಳಿಸಿಹೋಗುತ್ತಿತ್ತು. ಬದಲಿಗೆ ಕಾಣುತ್ತಿದ್ದುದು ಒಂದು ಬೆನ್ನು, ಹೆಗಲ ಮೇಲೊಂದು ಪಂಚೆ, ಧೂಳು ಹಿಡಿದ ಪಾದ.

ಭಾಗೀರಥಿಯೂ ಪ್ಲೇಗಿಗೆ ಬಲಿಯಾಗುತ್ತಾಳೆ. ಅವಳನ್ನು ಸುಟ್ಟು, ಹಿಂತಿರುಗಿ ನೋಡದೆ, ಆಚಾರ್ಯರು ಕಾಲು ಕರೆದುಕೊಂಡು ಹೋದ ಕಡೆ ಹೊರಡುತ್ತಾರೆ. ಕಾಶಿಗೆ ಹೋದವರು, ಶಾಸ್ತ್ರಾರ್ಥದಲ್ಲಿ ಗೆದ್ದವರು, ಎಲ್ಲಿಗೆ ಎಂದು ಗೊತ್ತಿಲ್ಲದೆ ಹೊರಟದ್ದು ಇದೇ ಮೊದಲು. ಒಂದು ಹೆಜ್ಜೆಯ ಯೋಚನೆ ಮುಂದಿನ ಹೆಜ್ಜೆಗೆ ಉಳಿಯುವುದಿಲ್ಲ. ಚಂದ್ರಿಯನ್ನು ಹುಡುಕಿ ಕುಂದಾಪುರಕ್ಕೆ ಹೋಗಲೇ, ಎಲ್ಲವನ್ನೂ ಹೇಳಿಬಿಡಲೇ, ಮುಚ್ಚಿಡಲೇ? ತಾವು ಮಾಡಿದ್ದನ್ನು ತಾವೇ ಆಯ್ದುಕೊಂಡು ಮಾಡಿದ್ದೋ, ಕತ್ತಲಲ್ಲಿ ತನ್ನಷ್ಟಕ್ಕೆ ಆಗಿಹೋದದ್ದೋ? ಆಗಿಹೋದದ್ದಾದರೂ ಹೊಣೆ ತಮ್ಮದೇ ಅಲ್ಲವೇ? ಹಳೆಯ ಆಚಾರ್ಯರಾಗಿದ್ದರೆ ಇದಕ್ಕೊಂದು ಶ್ಲೋಕ ತೆಗೆಯುತ್ತಿದ್ದರು. ಈಗ ಒಂದು ದಿಣ್ಣೆ ಹತ್ತುತ್ತಾರೆ, ಇನ್ನೊಂದು ಇಳಿಯುತ್ತಾರೆ.

ನಡೆದಾಗ ನನಗೆ ತಿಳಿದದ್ದು ಇಷ್ಟು: ಈ ದಾರಿಯಲ್ಲಿ ನೇರ ಎಂಬುದೇ ಇಲ್ಲ. ಹತ್ತು ಮಾರು ಮುಂದಿನದು ಕಾಣುವುದಿಲ್ಲ. ಕವಲು ಬಂದಾಗ ನಿಂತು ಯೋಚಿಸಿದರೆ ಎರಡೂ ಒಂದೇ ಥರ ಕಾಣುತ್ತವೆ, ಹೆಜ್ಜೆ ಇಟ್ಟ ಮೇಲೆಯೇ ಒಂದು ದಾರಿಯಾಗುತ್ತದೆ. ಅನಂತಮೂರ್ತಿಯವರು ಈ ಕಾದಂಬರಿಯನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌ಡಿಗೆ ಓದುತ್ತಿದ್ದಾಗ. ಗುರು ಮಾಲ್ಕಂ ಬ್ರಾಡ್ಬರಿಯವರ ಜೊತೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಮಾತು, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಪ್ಲೇಗು ಹಬ್ಬಿದ ನಾಡಿನಲ್ಲಿ ಉತ್ತರ ಹುಡುಕುತ್ತ ಅಲೆಯುವ ಒಬ್ಬ ಯೋಧನ ಕಥೆ ಅದು. ಮಾತು ತಿಳಿಯದ ಆ ಚಿತ್ರ ಅವರೊಳಗಿನ ಅಗ್ರಹಾರವನ್ನು ಎಬ್ಬಿಸಿತು. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪುಸ್ತಕ ತಂದಿತು. ಅಷ್ಟು ದೂರದ ಚಳಿಯೂರಿನಲ್ಲಿ ಕೂತು ಈ ದರಗಿನ ಚರಚರ ಸದ್ದನ್ನು ಹೇಗೆ ನೆನಪಿಟ್ಟುಕೊಂಡರೋ!

ಕಾಡಿನ ನಡುವೆ ಆಚಾರ್ಯರಿಗೆ ಮಾಲೇರರ ಪುಟ್ಟ ಗಂಟುಬೀಳುತ್ತಾನೆ. ಕನ್ನಡ ಕಾದಂಬರಿಗಳಲ್ಲಿ ನನಗೆ ಬಲು ಪ್ರೀತಿಯ ಜೀವಗಳಲ್ಲಿ ಇವನೊಬ್ಬ. ಒಗಟು ಹಾಕುತ್ತಾನೆ, ಹರಟುತ್ತಾನೆ, ಬೇಡವೆಂದರೂ ಜೊತೆ ಬಿಡುವುದಿಲ್ಲ. ಅಗ್ರಹಾರದಲ್ಲಿ ಎಲ್ಲರೂ ಪ್ರಶ್ನೆ ತಂದು ಆಚಾರ್ಯರ ಕಾಲ ಬಳಿ ಇಡುತ್ತಿದ್ದರು. ಇಲ್ಲಿ ಒಬ್ಬ ಅವರ ಹೆಗಲ ಪಕ್ಕ ನಡೆಯುತ್ತ ಒಗಟಿಗೆ ಉತ್ತರ ಹೇಳಿ ಎನ್ನುತ್ತಾನೆ. ಅವನ ಎದುರು ಆಚಾರ್ಯರು ತಾವು ಯಾರೆಂದು ಮುಚ್ಚಿಡಬೇಕಾಗುತ್ತದೆ. ಬೆಳಿಗ್ಗೆ ಅಜ್ಜಿ ಕೇಳಿದ ಪ್ರಶ್ನೆ ನೆನಪಾಯಿತು. ಯಾವೂರಾಯ್ತು, ಯಾರ ಪೈಕಿ? ನಾನು ಒಂದೇ ಉಸಿರಿಗೆ ಹೇಳಿದ್ದೆ. ಅದೇ ಪ್ರಶ್ನೆಗೆ ಗಂಟಲು ಕಟ್ಟಿದ ಮನುಷ್ಯನ ಪಾಡನ್ನು ಆಗ ಎಣಿಸಿರಲಿಲ್ಲ. ಹೆಸರು ಹೇಳಿದರೆ ಜನ ಕಾಲಿಗೆ ಬೀಳುತ್ತಾರೆ. ಆ ಹೆಸರಿನ ಮನುಷ್ಯ ಈಗ ಇಲ್ಲ. ಹೇಳದಿದ್ದರೆ ಸುಳ್ಳು.

ಮೂರೂವರೆಗೆ ಮೇಳಿಗೆ. ಜಾತ್ರೆಯ ದಿನವಲ್ಲ, ಬೀದಿಯಲ್ಲಿ ಒಂದು ನಾಯಿ, ಒಂದು ಸೈಕಲ್ಲು, ಅಂಗಡಿಯ ಮುಂದೆ ಬಾಳೆಗೊನೆ. ಅಂಗಡಿಯಲ್ಲಿ ಸೋಡಾ ಕುಡಿದು ಆ ಖಾಲಿ ಬೀದಿಯಲ್ಲಿ ಕಾದಂಬರಿಯ ಜಾತ್ರೆಯನ್ನು ಒಂದೊಂದೇ ಆಗಿ ತುಂಬಿದೆ. ಇಲ್ಲಿ ತೇರು. ಇಲ್ಲಿ ದೊಂಬರ ಹುಡುಗಿಯ ಆಟ. ಅಲ್ಲಿ ಬೊಂಬಾಯಿ ತೋರಿಸುವ ಪೆಟ್ಟಿಗೆ. ಆಚೆ ಮರದಡಿ ಕೋಳಿ ಅಂಕ, ಕತ್ತಿ ಕಟ್ಟಿದ ಕಾಲು, ರಕ್ತ, ಸುತ್ತ ನಿಂತವರ ಉರಿಯುವ ಕಣ್ಣು. ಆಚಾರ್ಯರು ಕಾಫಿ ಕುಡಿಯುತ್ತಾರೆ, ನೋಡುತ್ತಾರೆ, ಬೆಚ್ಚುತ್ತಾರೆ. ಪ್ರಪಂಚಕ್ಕೆ ಇಷ್ಟು ಬಣ್ಣ, ಇಷ್ಟು ವಾಸನೆ ಇದೆ ಎಂಬುದು ಅವರಿಗೆ ಈಗ ತಿಳಿಯುತ್ತಿದೆ, ಅದು ಕಚಗುಳಿಯನ್ನೂ ಇಡುತ್ತಿದೆ, ಕತ್ತನ್ನೂ ಹಿಸುಕುತ್ತಿದೆ. ಬಂಧನ ಕಳಚಿತೆಂದು ಕುಣಿಯುವ ಮನುಷ್ಯನನ್ನು ಬರೆಯುವುದು ಸುಲಭವಿತ್ತು. ಅನಂತಮೂರ್ತಿ ಆ ಸುಲಭದ ದಾರಿಗೆ ಹೋಗಲಿಲ್ಲ.

ಮೇಳಿಗೆಯಲ್ಲಿ ಅನಂತನಾಥ ಬಸದಿಯಿದೆ, 1608ರಲ್ಲಿ ಬೊಮ್ಮಣ್ಣ ಸೆಟ್ಟಿ ಕಟ್ಟಿಸಿದ್ದು. ಎಲ್ಲ ಕಲ್ಲಿನ ಕೆಲಸ. ಎದುರಿಗೆ ಮಾನಸ್ತಂಭ. ಕತ್ತೆತ್ತಿ ನೋಡುತ್ತ ನಿಂತುಬಿಟ್ಟೆ. ಇಷ್ಟು ಚಿಕ್ಕ ಊರಿನಲ್ಲಿ, ಅಡಿಕೆ ತೋಟಗಳ ಮಗ್ಗುಲಲ್ಲಿ, ನಾಲ್ಕು ಶತಮಾನದ ಮಳೆ ಕುಡಿದು ನಿಂತ ಕಂಬ. ಅದನ್ನು ಕಂಡವನ ಮಾನ, ಅಂದರೆ ಗರ್ವ, ಕರಗಬೇಕೆಂಬುದು ಆ ಹೆಸರಿನ ಅರ್ಥ. ಕಾದಂಬರಿಯ ಆಚಾರ್ಯರು ಈ ಕಂಬವನ್ನು ನೋಡುವುದಿಲ್ಲ. ಮಾಧ್ವರ ಆ ಕಥೆಯಲ್ಲಿ ಇದಕ್ಕೆ ಜಾಗವೂ ಇಲ್ಲ. ಆದರೆ ಅನಂತಮೂರ್ತಿಯವರ ಹುಟ್ಟೂರಿನ ಕಂಬ ಇದು. ಆಚಾರ್ಯರು ಕಳೆದುಕೊಂಡದ್ದು ಬ್ರಹ್ಮಚರ್ಯವನ್ನೆಂದು ಕಾಲೇಜಿನಲ್ಲಿ ನಾವು ವಾದ ಮಾಡಿದ್ದೆವು. ಕಂಬದ ನೆರಳು ಅಂಗಳದ ಮೇಲೆ ಉದ್ದವಾಗುವುದನ್ನು ನೋಡುತ್ತ, ಅವರಿಂದ ಹೋದದ್ದು ತಾನು ಒಳ್ಳೆಯವನೆಂಬ ಗರ್ವ ಅನ್ನಿಸಿತು. ನಾರಣಪ್ಪ ಬದುಕಿದ್ದಾಗ, ಕೊನೆಗೆ ಗೆಲ್ಲುವುದು ನೀನೋ ನಾನೋ ನೋಡೋಣ ಎಂದು ಆಚಾರ್ಯರಿಗೆ ಸವಾಲು ಹಾಕಿದ್ದ. ಜಾತ್ರೆಯ ಗದ್ದಲದಲ್ಲಿ ಇಬ್ಬರ ನಡುವಿನ ಗೋಡೆಯೇ ತೆಳುವಾಗಿಬಿಡುತ್ತದೆ. ತಾನು ದೂರವಿಟ್ಟವನ ಹಸಿವೆಲ್ಲ ತನ್ನೊಳಗೂ ಇತ್ತು ಎಂದು ಅರಿತವನಿಗೆ ಗೆಲ್ಲಲು ಯಾರು ಉಳಿದಿದ್ದಾರೆ?

ದೇವಸ್ಥಾನದ ಊಟದ ಪಂಕ್ತಿಯಲ್ಲಿ ಆಚಾರ್ಯರು ಕೂರುತ್ತಾರೆ. ಹೆಂಡತಿ ಸತ್ತ ಸೂತಕ ಮೈಮೇಲಿದೆ. ಗೊತ್ತಾದರೆ ತೇರೇ ಮೈಲಿಗೆ. ಅನ್ನ ಕಲಸುತ್ತಿರುವಾಗ ಯಾರೋ ಗುರುತು ಹಿಡಿಯುತ್ತಾರೆ. ಆಚಾರ್ಯರು ಎಂಜಲು ಕೈಯಲ್ಲೇ ಎದ್ದು ಓಡುತ್ತಾರೆ. ಆ ಪುಟ ಓದುವಾಗ ನನ್ನ ಕೈಯೂ ಒಣಗಿದ ಹಾಗಾಗುತ್ತದೆ. ಅಲ್ಲಿಂದಾಚೆ ಅವರಿಗೆ ಒಂದೇ ಆಸೆ: ಹಿಂದಕ್ಕೆ ಹೋಗಬೇಕು, ಅಗ್ರಹಾರದವರ ಮುಂದೆ ನಿಂತು ಆದದ್ದನ್ನೆಲ್ಲ ಹೇಳಬೇಕು. ಪ್ರಾಯಶ್ಚಿತ್ತಕ್ಕಾಗಿ ಅಲ್ಲ, ಕಣ್ಣು ತಪ್ಪಿಸದೆ ಬದುಕಲಿಕ್ಕಾಗಿ. ಗಾಡಿಯೊಂದು ಬರುತ್ತದೆ. ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಬಾಯಿಬಡುಕ ಪುಟ್ಟ ಹಿಂದೆ ಉಳಿಯುತ್ತಾನೆ. ಇನ್ನು ನಾಲ್ಕೈದು ಗಂಟೆಯ ದಾರಿ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಹೇಳಿದರೋ, ಹೇಳಲು ಬಾಯಿ ಬಂತೋ, ಗಾಡಿ ಅಗ್ರಹಾರ ಮುಟ್ಟಿತೋ, ಯಾವುದೂ ಇಲ್ಲ. ಉತ್ತರಕ್ಕೆಂದು ಗುಡಿಯಲ್ಲಿ ಕಾದ ಮನುಷ್ಯ ಈಗ ಗಾಡಿಯಲ್ಲಿ ಕೂತು ಇನ್ನೊಂದು ಥರ ಕಾಯುತ್ತಿದ್ದಾರೆ.

ನನ್ನ ಬಸ್ಸು ಕತ್ತಲಾಗುವ ಹೊತ್ತಿಗೆ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಡಿಲಲ್ಲಿ ಹಲಸಿನ ಗುಜ್ಜೆ ಇಟ್ಟುಕೊಂಡ ಹೆಂಗಸು ಪಕ್ಕದಲ್ಲಿ ಕೂತು, ‘ಯಾವೂರಾಯ್ತು?’ ಎಂದರು. ಹೇಳಲು ನನಗೆ ಈ ಸಲ ಒಂದು ಗಳಿಗೆ ತಡವಾಯಿತು. ಕಾಡಿನೊಳಗೆ ಸಿಳ್ಳಾರ ಹಕ್ಕಿಯೊಂದು ದಾರಿ ತಪ್ಪಿದ ಹುಡುಗನ ಹಾಗೆ ಸಿಳ್ಳೆ ಹಾಕುತ್ತಿತ್ತು. ಹಗಲಿಡೀ ನಡೆದದ್ದನ್ನು ಬಸ್ಸು ಅರ್ಧ ಗಂಟೆಯಲ್ಲಿ ಹಿಂದಕ್ಕೆ ಸುತ್ತಿಬಿಟ್ಟಿತು. ಬೆಳಿಗ್ಗೆ ಆಟೋ ಇಳಿದ ತಿರುವಿನಲ್ಲಿ ನಿಂತಾಗ ಹೊಳೆಯ ಕಡೆಗೆ ಹೋಗುವ ಮಣ್ಣುದಾರಿ ಕತ್ತಲಲ್ಲಿ ಸ್ವಲ್ಪ ಬೆಳ್ಳಗೆ ಕಾಣುತ್ತಿತ್ತು, ಅದರ ತುದಿಯಲ್ಲಿ ಒಂದೇ ಒಂದು ದೀಪ.

‘ಅಗ್ರಹಾರ ಇಳಿಯೋರು ಯಾರಿದ್ದೀರಿ?’ ಕಂಡಕ್ಟರು ಕೂಗಿದರು.

ಬಾಗಿಲು ತೆರೆದೇ ಇತ್ತು. ಅವರು ಇನ್ನೊಂದು ಸಲ ಕೂಗಿದರು.